ನಿಮ್ಮೂರಿನಲ್ಲಿ ನೆರಳೆಷ್ಟು?

‘ಪ್ರಾಜೆಕ್ಟ್’ ಎಂಬ ಪದವನ್ನು ಅರಿಯದ ಗೃಹಸ್ಥರು ಈಗ ನಮ್ಮ ನಗರಗಳಲ್ಲಿ ಇರಲಾರರು. ಮಗು ನಾಲ್ಕನೆಯ ತರಗತಿಯನ್ನು ಮುಟ್ಟಿತೆಂದರೆ ಮನೆಗೆ ಈ ಅತಿಥಿಯ ಆಗಮನವಾಗುತ್ತದೆ. ರಾತ್ರಿ ಊಟವಾದ ಮೇಲೆ ತಂದೆ ಥರ್ಮೋಕೋಲಿನ ಹಲಗೆಯನ್ನು ಮುಂದಿಟ್ಟುಕೊಂಡು ಕೊಯ್ಯುತ್ತಾರೆ. ತಾಯಿ ಬಣ್ಣದ ಕಾಗದಕ್ಕೆ ಅಂಟು ಸವರುತ್ತಾರೆ. ಅಜ್ಜಿ ಹತ್ತಿಯನ್ನು ಎಳೆದೆಳೆದು ಮೋಡ ಮಾಡಿಕೊಡುತ್ತಾರೆ. ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಮಹಾನುಭಾವ ಅಷ್ಟು ಹೊತ್ತಿಗೆ ನಿದ್ರಾವಶನಾಗಿರುತ್ತಾನೆ. ವಿಷಯವೇನೆಂದು ವಿಚಾರಿಸಿದರೆ ‘ಪರಿಸರ ಸಂರಕ್ಷಣೆ’ ಎಂಬ ಉತ್ತರ ಬರುತ್ತದೆ. ಒಂದು ವಾರದ ಬಳಿಕ ಆ ಥರ್ಮೋಕೋಲು ಕಸದ ಗಾಡಿಯನ್ನೇರಿ ಹೋಗಿ, ನಮ್ಮ ಮೊಮ್ಮಕ್ಕಳ ಕಾಲದವರೆಗೂ ಕರಗದೆ ಮಣ್ಣಿನಲ್ಲಿ ಉಳಿಯುತ್ತದೆ. ಇಷ್ಟು ಶ್ರಮವೂ ಬೇಡವೆನ್ನುವವರಿಗೆ ಶಾಲೆಯ ಎದುರಿನ ಅಂಗಡಿಯಲ್ಲಿ ಸಿದ್ಧಪಡಿಸಿದ ಮಾದರಿಗಳೇ ದೊರೆಯುತ್ತವೆ. ಹಣ ಕೊಟ್ಟರೆ ಜ್ವಾಲಾಮುಖಿಯೂ ಉಂಟು, ಮಳೆನೀರಿನ ಕೊಯ್ಲೂ ಉಂಟು.

ಈ ಪದಕ್ಕೆ ಮೊದಲು ಇದ್ದ ಅರ್ಥ ಹೀಗಿರಲಿಲ್ಲ. ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶಿಕ್ಷಕರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಎಂಬವರು ೧೯೧೮ರಲ್ಲಿ ‘ದಿ ಪ್ರಾಜೆಕ್ಟ್ ಮೆಥಡ್’ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಮಗು ತಾನೇ ಒಂದು ಉದ್ದೇಶವನ್ನು ಇಟ್ಟುಕೊಳ್ಳಬೇಕು, ಅದಕ್ಕೆ ತಾನೇ ಉಪಾಯ ಹೂಡಬೇಕು, ತಾನೇ ಮಾಡಬೇಕು, ಮಾಡಿದುದು ಸರಿಯಾಯಿತೇ ಎಂದು ತಾನೇ ತೂಗಿ ನೋಡಬೇಕು ಎಂಬುದು ಅವರ ವಾದದ ಸಾರ. ನಮ್ಮ ದೇಶದಲ್ಲಿ ೧೯೩೭ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿಯೂ ಕೈಗೆಲಸವೇ ಪಾಠದ ಬೇರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳನ್ನು ನಮ್ಮ ಹಿರಿಯ ವಾಚಕರು ಕೇಳಿಬಲ್ಲರು. ಇವರೆಲ್ಲರ ಮಾತಿನಲ್ಲಿ ಸಾಮಾನ್ಯವಾಗಿದ್ದ ಒಂದು ಅಂಶವೆಂದರೆ, ಕೆಲಸ ಮಗುವಿನದು ಎಂಬುದು. ಥರ್ಮೋಕೋಲಿನ ಯುಗದಲ್ಲಿ ಜಾರಿಹೋದುದು ಆ ಒಂದೇ ಅಂಶ.

ಇಂದು ನಾನು ಹೇಳಹೊರಟಿರುವುದು ಈ ಪದ್ಧತಿಯ ಒಂದು ವಿಶೇಷ ಶಾಖೆಯನ್ನು ಕುರಿತು. ಒಂದು ಊರಿನ ತರಗತಿಯು ದೂರದ ಇನ್ನೊಂದು ಊರಿನ, ಕೆಲವೊಮ್ಮೆ ಬೇರೊಂದು ಖಂಡದ, ತರಗತಿಯೊಡನೆ ಸೇರಿಕೊಂಡು ನೀರು, ಗಾಳಿ, ಮರ, ಮಳೆಗಳನ್ನು ಕುರಿತು ಕೆಲಸ ಮಾಡುವುದು ಇದರ ಕ್ರಮ. ಜಾಗತಿಕ ಶಿಕ್ಷಣವೆಂದು ಇದನ್ನು ದೊಡ್ಡ ಹೆಸರಿನಿಂದ ಕರೆಯುತ್ತಾರೆ. ಶಾಲೆಗಳ ಜಾಹೀರಾತುಗಳಲ್ಲಿ ಈ ಹೆಸರು ಧಾರಾಳವಾಗಿ ಕಾಣಿಸುತ್ತದೆ. ಶುಲ್ಕದ ಪಟ್ಟಿಯಲ್ಲಿಯೂ ಅದರ ಛಾಯೆ ಬೀಳುತ್ತದೆ. ಆದುದರಿಂದ ಅದರೊಳಗೆ ಏನಿದೆ, ಏನಿಲ್ಲ ಎಂಬುದನ್ನು ತಂದೆತಾಯಿಗಳು ತಿಳಿದಿರುವುದು ಮೇಲು.

ಇದು ಕಂಪ್ಯೂಟರಿನೊಡನೆ ಹುಟ್ಟಿದ್ದೆಂದು ಭಾವಿಸುವವರು ಸೆಲೆಸ್ತಾಂ ಫ್ರೆನೆಯ ಹೆಸರನ್ನು ಕೇಳಿರಲಾರರು. ಈತ ಫ್ರಾನ್ಸಿನ ತೆಂಕಣ ಬೆಟ್ಟಸೀಮೆಯ ಬಾರ್-ಸ್ಯುರ್-ಲೂ ಎಂಬ ಹಳ್ಳಿಯ ಉಪಾಧ್ಯಾಯ. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಬಂದವನು. ೧೯೨೪ರ ಸುಮಾರಿಗೆ ಈತ ತನ್ನ ತರಗತಿಗೊಂದು ಚಿಕ್ಕ ಮುದ್ರಣಯಂತ್ರವನ್ನು ತಂದಿಟ್ಟ. ಹಳ್ಳಿಯ ಬೀದಿಯಲ್ಲಿ, ಹೊಲದಲ್ಲಿ, ಕಮ್ಮಾರನ ಅಂಗಡಿಯಲ್ಲಿ ಕಂಡುದನ್ನು ಮಕ್ಕಳು ತಾವೇ ಬರೆದು, ತಾವೇ ಅಚ್ಚುಮೊಳೆ ಜೋಡಿಸಿ, ತಾವೇ ಅಚ್ಚು ಹಾಕತೊಡಗಿದರು. ಹೀಗೆ ಅಚ್ಚಾದುದನ್ನು ಓದುವವರು ಯಾರು? ೧೯೨೬ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಬ್ರಿಟನಿ ಎಂಬ ಪ್ರಾಂತದ ಕಡಲ ತೀರದ ತ್ರೆಗಂಕ್‌ನಲ್ಲಿ, ರೆನೆ ದಾನಿಯೆಲ್ ಎಂಬ ಉಪಾಧ್ಯಾಯನ ಮಕ್ಕಳು ದೊರೆತರು. ಬೆಟ್ಟದ ಮಕ್ಕಳ ಹಾಳೆಗಳು ಅಂಚೆಯಲ್ಲಿ ಕಡಲಿನವರಿಗೆ ಹೋದವು. ಕಡಲಿನವರ ಹಾಳೆಗಳು ಬೆಟ್ಟಕ್ಕೆ ಬಂದವು. ಸಮುದ್ರವನ್ನು ಬಲ್ಲ ಓದುಗನಿಗೆ ಬೆಟ್ಟವನ್ನು ವಿವರಿಸಬೇಕಾದಾಗ, ಬೆಟ್ಟದ ಮಗು ತನ್ನ ಬೆಟ್ಟವನ್ನು ಮತ್ತೊಮ್ಮೆ ಕಣ್ತೆರೆದು ನೋಡಬೇಕಾಗುತ್ತದೆ. ಉಪಾಧ್ಯಾಯರೊಬ್ಬರೇ ಓದುವ ಪ್ರಬಂಧದಲ್ಲಿ ಆ ಅಗತ್ಯವಿಲ್ಲ. ಉಪಾಧ್ಯಾಯರಿಗೆ ಬೆಟ್ಟ ಗೊತ್ತೇ ಇದೆಯಲ್ಲ! ಅಂಚೆಯಣ್ಣನೇ ತಂತ್ರಜ್ಞಾನವಾಗಿದ್ದ ಕಾಲದಲ್ಲಿ ನಡೆದ ಈ ಕೆಲಸದಲ್ಲಿ ಮುಂದೆ ಬಂದುದೆಲ್ಲದರ ಬೀಜವಿದೆ.

ಪರಿಸರದ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಅಮೆರಿಕೆಯ ಆನ್ ಆರ್ಬರ್ ಎಂಬ ಪಟ್ಟಣದ ಕಥೆ. ೧೯೮೪ರಲ್ಲಿ ಅಲ್ಲಿಯ ಹ್ಯೂರಾನ್ ಹೈಸ್ಕೂಲಿನ ಕೆಲವು ವಿದ್ಯಾರ್ಥಿಗಳು ಊರಿನ ಹ್ಯೂರಾನ್ ನದಿಯಲ್ಲಿ ಹಾಯಿಹಲಗೆಯ ಮೇಲೆ ನಿಂತು ತೇಲುವ ಆಟವನ್ನಾಡಿ ಬಂದು ಕಾಮಾಲೆಗೆ ತುತ್ತಾದರು. ಹೆಪಟೈಟಿಸ್ ‘ಎ’ ಎಂದು ವೈದ್ಯರು ಹೇಳುವ ಈ ಕಾಮಾಲೆ ಮಲದಿಂದ ಕೆಟ್ಟ ನೀರಿನ ಮೂಲಕ ಹರಡತಕ್ಕದ್ದು. ನದಿ ನೋಡುವುದಕ್ಕೆ ಸ್ವಚ್ಛವಾಗಿಯೇ ಇತ್ತು. ಹಾಗಾದರೆ ರೋಗ ಬಂದುದೆಲ್ಲಿಂದ? ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಸ್ಟ್ಯಾಪ್ ಅವರು ಮಕ್ಕಳ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪರಿಸರ ಶಿಕ್ಷಣವೆಂಬ ಮಾತಿಗೆ ೧೯೬೯ರಷ್ಟು ಹಿಂದೆಯೇ ಒಂದು ಸ್ಪಷ್ಟ ಲಕ್ಷಣವನ್ನು ಹೇಳಿಕೊಟ್ಟವರಲ್ಲಿ ಇವರು ಪ್ರಮುಖರು. ಆದರೆ ಇಲ್ಲಿ ಅವರು ಉಪನ್ಯಾಸ ಮಾಡಲಿಲ್ಲ; ಮಕ್ಕಳೊಡನೆ ನದಿಗೆ ಇಳಿದರು.

ಮಾಡಿದ ಪರೀಕ್ಷೆಯ ವಿಧಾನವನ್ನು ಸ್ವಲ್ಪ ಹೇಳುತ್ತೇನೆ. ಏಕೆಂದರೆ ಸ್ವಾರಸ್ಯವೆಲ್ಲ ಅಲ್ಲಿಯೇ ಇದೆ. ನದಿಯ ನೀರನ್ನು ತಂದು ಬಹಳ ಸೂಕ್ಷ್ಮವಾದ ರಂಧ್ರಗಳುಳ್ಳ ಒಂದು ತೆಳು ಪೊರೆಯ ಮೂಲಕ ಸೋಸುತ್ತಾರೆ. ನೀರು ಇಳಿದುಹೋಗಿ ಕೀಟಾಣುಗಳು ಪೊರೆಯ ಮೇಲೆ ಉಳಿಯುತ್ತವೆ. ಆ ಪೊರೆಯನ್ನು ಕೀಟಾಣುಗಳ ಆಹಾರದಲ್ಲಿ ನೆನೆದ ಒಂದು ಮೆತ್ತೆಯ ಮೇಲಿರಿಸಿ, ನಲವತ್ತನಾಲ್ಕೂವರೆ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡಬೇಕು. ಕಣ್ಣಿಗೆ ಕಾಣದ ಒಂದೊಂದು ಕೀಟಾಣುವೂ ಅಷ್ಟರಲ್ಲಿ ಸಂಸಾರ ಬೆಳೆಸಿ ಒಂದೊಂದು ನೀಲಿ ಚುಕ್ಕೆಯಾಗಿರುತ್ತದೆ. ಮಗು ಮಾಡಬೇಕಾದುದು ಚುಕ್ಕೆಗಳನ್ನು ಎಣಿಸುವುದಷ್ಟೆ. ನೂರು ಮಿಲಿಲೀಟರ್ ನೀರಿಗೆ ಇನ್ನೂರು ಚುಕ್ಕೆಗಳನ್ನು ಮೀರಿದರೆ ಆ ನೀರಿನಲ್ಲಿ ಈಜುವುದು ಕ್ಷೇಮವಲ್ಲವೆಂಬುದು ಆ ದೇಶದಲ್ಲಿ ಅಂದು ಇದ್ದ ಮಿತಿ. ಮಳೆ ಬಂದ ಮೇಲೆ ತಂದ ನೀರಿನಲ್ಲಿ ಚುಕ್ಕೆಗಳು ಈ ಮಿತಿಯನ್ನು ಮೀರಿ ಎದ್ದವು. ಮಳೆನೀರಿನ ಚರಂಡಿಗೆ ಎಲ್ಲಿಯೋ ಮಲಿನ ಜಲ ಸೇರುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಕ್ಕಳು ಲೆಕ್ಕವನ್ನು ಹಿಡಿದುಕೊಂಡು ನಗರಾಡಳಿತದ ಬಾಗಿಲಿಗೆ ಹೋದರು. ಆಡಳಿತದವರು ಚರಂಡಿಯ ದೋಷವನ್ನು ಸರಿಪಡಿಸಲು ಮುಂದಾದರು. ‘ನದಿಯನ್ನು ಉಳಿಸಿ’ ಎಂದು ಫಲಕ ಹಿಡಿದು ಮೆರವಣಿಗೆ ಹೋಗಿದ್ದರೆ ಒಂದು ಛಾಯಾಚಿತ್ರ ಪತ್ರಿಕೆಯಲ್ಲಿ ಬರುತ್ತಿತ್ತು. ನೀಲಿ ಚುಕ್ಕೆಗಳಿಗೆ ಉತ್ತರ ಕೊಡದೆ ಗತ್ಯಂತರವಿರಲಿಲ್ಲ.

ಅಲ್ಲಿಂದ ಕೆಲಸ ಪಕ್ಕದ ರೂಜ್ ನದಿಗೆ ಹಬ್ಬಿತು. ಇದು ಡೆಟ್ರಾಯಿಟ್ ನಗರದ ಶ್ರೀಮಂತ ಉಪನಗರಗಳನ್ನೂ ಬಡ ಕೇರಿಗಳನ್ನೂ ಫೋರ್ಡ್ ಕಂಪೆನಿಯ ದೊಡ್ಡ ಕಾರ್ಖಾನೆಯನ್ನೂ ಹಾದುಹೋಗುವ ನದಿ. ಮೈಮೇಲಿನ ಎಣ್ಣೆಯಿಂದಾಗಿ ೧೯೬೯ರಲ್ಲಿ ಉರಿದೆದ್ದ ನದಿ. (ನೀರಿಗೆ ಬೆಂಕಿ ಬೀಳುವುದೆಂದರೆ ಅದು ಪುರಾಣದ ಮಾತೆಂದು ನಾವೂ ತಿಳಿದಿದ್ದೆವು. ೨೦೧೫ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ನಮಗೆ ಆ ದೃಶ್ಯವನ್ನು ತೋರಿಸಿತು.) ೧೯೮೭ರಲ್ಲಿ ರೂಜ್ ನದಿಯ ಉದ್ದಕ್ಕೂ ಇದ್ದ ಹಲವು ಹೈಸ್ಕೂಲುಗಳು ಒಟ್ಟಿಗೆ ನೀರನ್ನು ಪರೀಕ್ಷಿಸಿ, ಕಂಪ್ಯೂಟರುಗಳ ಮೂಲಕ ಫಲಿತಾಂಶಗಳನ್ನು ಒಬ್ಬರಿಗೊಬ್ಬರು ತಿಳಿಸಿದವು. ಪರೀಕ್ಷೆಗಳು ಒಂಬತ್ತು: ನೀರಿನಲ್ಲಿ ಕರಗಿದ ಆಮ್ಲಜನಕ, ಮಲದ ಕೀಟಾಣು, ಆಮ್ಲತೆ, ಕೊಳೆಯುವ ವಸ್ತು ನುಂಗುವ ಆಮ್ಲಜನಕದ ಪ್ರಮಾಣ, ಉಷ್ಣತೆ, ಫಾಸ್ಫೇಟು, ನೈಟ್ರೇಟು, ಕದಡು, ಘನವಸ್ತು. ಇವೆಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಎಂದು ನದಿಗೆ ಅಂಕ ಕೊಡುವ ಒಂದು ಕ್ರಮವೂ ಉಂಟು. ಪರೀಕ್ಷೆಗೆ ಕುಳಿತೇ ಬೇಸತ್ತ ಮಕ್ಕಳಿಗೆ ನದಿಗೆ ಅಂಕ ಕೊಡುವ ಅಧಿಕಾರ ಸಿಕ್ಕಿದರೆ ಎಷ್ಟು ಸಂತೋಷವಾಗಿರಬೇಡ!

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮೇಲ್ಗಡೆಯ ಶಾಲೆಯವರಿಗೆ ತಮ್ಮ ನೀರು ಎಷ್ಟು ಚೊಕ್ಕಟವೆಂಬುದು ಮಾತ್ರ ಗೊತ್ತು. ಕೆಳಗಡೆಯವರಿಗೆ ತಮ್ಮ ನೀರು ಎಷ್ಟು ಕೊಳಕೆಂಬುದು ಮಾತ್ರ ಗೊತ್ತು. ಕೊಳಕು ಎಲ್ಲಿ ಸೇರಿತು ಎಂಬುದು ಇಬ್ಬರ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ತಿಳಿಯುತ್ತದೆ. ಒಂದೇ ಪ್ರದೇಶದಲ್ಲಿದ್ದೂ ಎಂದೂ ಮುಖ ನೋಡದಿದ್ದ ನಗರದ ಮಕ್ಕಳೂ ಉಪನಗರದ ಮಕ್ಕಳೂ ಹೀಗೆ ಒಬ್ಬರಿಗೊಬ್ಬರು ಬೇಕಾದವರಾದರು. ೧೯೮೯ರಲ್ಲಿ ಸ್ಟ್ಯಾಪ್ ಅವರು ಇದನ್ನೇ ‘ಗ್ರೀನ್’ ಎಂಬ ಹೆಸರಿನ ಜಾಗತಿಕ ನದಿಶಿಕ್ಷಣ ಜಾಲವಾಗಿ ವಿಸ್ತರಿಸಿದರು. ಅದು ಹಲವು ಖಂಡಗಳ ಶಾಲೆಗಳಿಗೆ ಹರಡಿತು.

ಅದೇ ವರ್ಷಗಳಲ್ಲಿ ಇನ್ನೊಂದು ಪ್ರಯೋಗವೂ ಆರಂಭವಾಯಿತು. ಅಮೆರಿಕ ರಷ್ಯಗಳು ಇನ್ನೂ ಒಂದನ್ನೊಂದು ಸಂಶಯದಿಂದ ನೋಡುತ್ತಿದ್ದ ೧೯೮೮ರಲ್ಲಿ, ಪೀಟರ್ ಕೋಪೆನ್ ಎಂಬವರ ಉದ್ಯಮದಿಂದ, ನ್ಯೂಯಾರ್ಕ್ ರಾಜ್ಯದ ಹನ್ನೆರಡು ಶಾಲೆಗಳಿಗೂ ಮಾಸ್ಕೋದ ಹನ್ನೆರಡು ಶಾಲೆಗಳಿಗೂ ಕಂಪ್ಯೂಟರುಗಳ ಮೂಲಕ ಸಂಪರ್ಕ ಬೆಳೆಯಿತು. ಮಕ್ಕಳು ಇಂಗ್ಲಿಷಿನಲ್ಲಿಯೂ ರಷ್ಯನ್ ಭಾಷೆಯಲ್ಲಿಯೂ ವ್ಯವಹರಿಸಿದರು. ಈ ಜಾಲವೇ ಮುಂದೆ ‘ಐಅರ್ನ್’ ಎಂದು ಹೆಸರಾಗಿ, ಭಾರತವೂ ಸೇರಿದಂತೆ ನೂರಕ್ಕೂ ಮಿಕ್ಕಿದ ದೇಶಗಳಿಗೆ ಹಬ್ಬಿತು. ಚಿಕ್ಕ ಮಕ್ಕಳಿಗಾಗಿ ಅದರಲ್ಲೊಂದು ಮುದ್ದಾದ ಯೋಜನೆಯುಂಟು: ಒಂದು ತರಗತಿಯವರು ತಮ್ಮ ಆಟದ ಕರಡಿಯನ್ನು ಅಂಚೆಯಲ್ಲಿ ಇನ್ನೊಂದು ದೇಶದ ತರಗತಿಗೆ ಕಳುಹುತ್ತಾರೆ, ಆ ಕರಡಿ ಅತಿಥೇಯರ ಮನೆಯಲ್ಲಿ ಏನುಂಡಿತು, ಏನು ನೋಡಿತು ಎಂದು ‘ತಾನೇ’ ದಿನಚರಿ ಬರೆದು ಮಿಂಚಂಚೆಯಲ್ಲಿ ಮನೆಗೆ ತಿಳಿಸುತ್ತದೆ.

ಇನ್ನು ‘ಗ್ಲೋಬ್’ ಎಂಬ ಕಾರ್ಯಕ್ರಮ. ಅಮೆರಿಕೆಯ ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಇದನ್ನು ೧೯೯೪ರ ಭೂದಿನದಂದು ಘೋಷಿಸಿದರು. ಮರುವರ್ಷದ ಭೂದಿನದಂದು ಅದು ಕೆಲಸಕ್ಕೆ ತೊಡಗಿತು. ಭಾರತ ೨೦೦೦ದಲ್ಲಿ ಸೇರಿತು. ಇದರಲ್ಲಿ ಮಕ್ಕಳು ಶಾಲೆಯ ಅಂಗಳದಲ್ಲಿ ಉಷ್ಣತಾಮಾಪಕ, ಮಳೆಮಾಪಕಗಳನ್ನು ನಿಲ್ಲಿಸಿ, ನಡುಹಗಲಿನ ಹಿಂದುಮುಂದಿನ ಒಂದು ಗಂಟೆಯೊಳಗೆ ಪ್ರತಿದಿನವೂ ನೋಡಿ ಬರೆದು, ಅಂತರ್ಜಾಲದ ಮೂಲಕ ಕೇಂದ್ರಕ್ಕೆ ಕಳುಹುತ್ತಾರೆ. ಮೋಡಗಳನ್ನೂ ನೋಡುತ್ತಾರೆ. ಉಪಗ್ರಹವು ಮೋಡವನ್ನು ಮೇಲಿನಿಂದ ಕಾಣುತ್ತದೆ, ಮಗು ಕೆಳಗಿನಿಂದ ಕಾಣುತ್ತದೆ. ಎರಡನ್ನೂ ಹೋಲಿಸಿದರೆ ವಿಜ್ಞಾನಿಗಳಿಗೆ ಲಾಭ. ಆದರೆ ಆಕಾಶದ ಎಷ್ಟು ಪಾಲು ಮೋಡದಿಂದ ಮುಚ್ಚಿದೆ ಎಂದು ಹೇಳುವುದು ಸುಲಭವಲ್ಲ. ಎಲ್ಲರೂ ಇದ್ದುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಇದಕ್ಕೆ ಗ್ಲೋಬಿನವರು ಒಂದು ಪಾಠವನ್ನು ಹೂಡಿದ್ದಾರೆ. ಒಂದು ನೀಲಿ ಹಾಳೆ, ಅದೇ ಅಳತೆಯ ಒಂದು ಬಿಳಿ ಹಾಳೆ. ಬಿಳಿಯದನ್ನು ಸಮನಾದ ಹತ್ತು ಭಾಗ ಮಾಡಿ, ಮೂರೋ ನಾಲ್ಕೋ ಭಾಗಗಳನ್ನು ಮಾತ್ರ ತುಂಡುತುಂಡಾಗಿ ಹರಿದು ನೀಲಿಯ ಮೇಲೆ ಚೆದರಿಸಿ ಅಂಟಿಸಬೇಕು. ಬಳಿಕ ಗೆಳೆಯರನ್ನು ಕರೆದು ‘ಎಷ್ಟು ಮೋಡ?’ ಎಂದು ಕೇಳಬೇಕು. ಒಬ್ಬೊಬ್ಬನೂ ಒಂದೊಂದು ಲೆಕ್ಕ ಹೇಳುತ್ತಾನೆ. ಕಣ್ಣು ಎಷ್ಟು ಸುಲಭವಾಗಿ ಮೋಸ ಹೋಗುತ್ತದೆ ಎಂಬ ಅರಿವು ಎಂಟು ವರ್ಷದ ಮಗುವಿಗೆ ಆಗುವುದೆಂದರೆ ಅದೇನು ಸಾಮಾನ್ಯವೆ? ಬಹಳ ಮಂದಿ ಪದವೀಧರರಿಗೆ ಅದು ಇನ್ನೂ ಆಗಿಲ್ಲ. ಈ ಆಟಕ್ಕೆ ಬೇಕಾದುದು ಎರಡು ಕಾಗದ, ಸ್ವಲ್ಪ ಅಂಟು. ಥರ್ಮೋಕೋಲು ಬೇಡ.

ಇಷ್ಟು ಹೇಳಿದ ಮೇಲೆ, ಈ ಜಾಲಗಳೆಲ್ಲ ಹೇಳಿದಂತೆಯೇ ಫಲ ಕೊಟ್ಟವೆ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಹೊಗಳುಭಟರ ಮಾತಿಗಿಂತ, ಒಳಗಿದ್ದು ಕೆಲಸ ಮಾಡಿದವರ ಮಾತು ಹೆಚ್ಚು ಬೆಲೆಯುಳ್ಳದ್ದು. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯೂ ಟರ್ಕ್ ಎಂಬ ಅಮೆರಿಕೆಯ ಶಿಕ್ಷಣ ಸಂಶೋಧನಾ ಸಂಸ್ಥೆಯೂ ಕೂಡಿ ೧೯೮೯ರಿಂದ ಮಕ್ಕಳಿಗಾಗಿ ‘ಕಿಡ್ಸ್ ನೆಟ್‌ವರ್ಕ್’ ಎಂಬ ಯೋಜನೆಯನ್ನು ನಡೆಸಿದ್ದವು. ಮಕ್ಕಳು ತಮ್ಮೂರಿನ ಮಳೆನೀರನ್ನು ಹಿಡಿದು, ಬಣ್ಣ ಬದಲಿಸುವ ಕಾಗದದಿಂದ ಅದರ ಆಮ್ಲತೆಯನ್ನು ಅಳೆದು, ದೂರವಾಣಿ ತಂತಿಯ ಮೂಲಕ ಕಂಪ್ಯೂಟರಿಗೆ ಕಳುಹಿಸಿ, ದೇಶದ ನಕ್ಷೆಯ ಮೇಲೆ ಎಲ್ಲರ ಅಳತೆಯನ್ನೂ ಒಟ್ಟಿಗೆ ನೋಡುತ್ತಿದ್ದರು. ಹತ್ತು ವರ್ಷಗಳ ಮೇಲೆ, ೨೦೦೦ದಲ್ಲಿ, ಅದೇ ಟರ್ಕ್ ಸಂಸ್ಥೆಯೊಡನೆ ಕೆಲಸ ಮಾಡಿದ ಫೆಲ್ಡ್‌ಮನ್, ಕೊನಾಲ್ಡ್, ಕೌಲ್ಟರ್ ಎಂಬ ಮೂವರು ಇಂಥ ಯೋಜನೆಗಳನ್ನೆಲ್ಲ ಪರಿಶೀಲಿಸಿ ಒಂದು ಪುಸ್ತಕ ಬರೆದರು. ದೂರದ ತರಗತಿಗಳ ನಡುವೆ ನಿಜವಾದ ಚರ್ಚೆ ನಿರೀಕ್ಷಿಸಿದಷ್ಟು ನಡೆಯಲಿಲ್ಲ. ಮಕ್ಕಳು ಅಂಕಿಗಳನ್ನು ಕಳುಹಿಸಿದರು, ಆದರೆ ಬಂದ ಅಂಕಿಗಳನ್ನು ಇಟ್ಟುಕೊಂಡು ಆಲೋಚಿಸಿದುದು ಕಡಿಮೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತರಗತಿಯೊಳಗೆ ಉಪಾಧ್ಯಾಯರು ಎದುರಿಗೆ ನಿಂತು ನಡೆಸುವ ಚರ್ಚೆಯೇ ಮುಖ್ಯವಾದುದು, ತಂತಿಯ ಮೂಲಕ ಬರುವುದು ಅದಕ್ಕೆ ಒದಗುವ ಸಾಮಗ್ರಿ ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ತಮ್ಮವರ ಕೆಲಸವನ್ನು ತಾವೇ ಹೀಗೆ ಒರೆಗೆ ಹಚ್ಚಿದ ಅವರ ಪ್ರಾಮಾಣಿಕತೆಗೆ ನಾವು ಋಣಿಗಳು.

ನಮ್ಮಲ್ಲಿ ಕಾಣುವುದೂ ಬಹುಮಟ್ಟಿಗೆ ಹೀಗೆಯೇ. ದೊಡ್ಡ ಪರದೆಯ ಮೇಲೆ ಪರದೇಶದ ತರಗತಿ ಕಾಣಿಸಿಕೊಳ್ಳುತ್ತದೆ. ಎರಡು ಕಡೆಯವರೂ ಕೈ ಬೀಸುತ್ತಾರೆ. ನಮ್ಮವರು ಒಂದು ನೃತ್ಯ ಮಾಡುತ್ತಾರೆ, ಅವರು ಒಂದು ಹಾಡು ಹಾಡುತ್ತಾರೆ, ‘ನಿಮಗೆ ಯಾವ ತಿಂಡಿ ಇಷ್ಟ?’ ಎಂಬ ಪ್ರಶ್ನೋತ್ತರವಾಗುತ್ತದೆ, ಗಂಟೆ ಬಾರಿಸುತ್ತದೆ. ಇದರಲ್ಲಿ ಕೆಡುಕೇನೂ ಇಲ್ಲ. ಮಕ್ಕಳು ನಲಿಯುತ್ತಾರೆ. ಆದರೆ ಇದನ್ನು ಶಿಕ್ಷಣವೆನ್ನುವುದಾದರೆ ರೈಲು ನಿಲ್ದಾಣದಲ್ಲಿ ಎದುರು ಗಾಡಿಯವರಿಗೆ ಕೈ ಬೀಸುವುದನ್ನೂ ಪ್ರವಾಸವೆನ್ನಬೇಕಾಗುತ್ತದೆ. ಇನ್ನು, ಪರದೆಯೂ ಸಂಪರ್ಕವೂ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯುಂಟು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಮನೆಗೊಂದೇ ಮೊಬೈಲು ಇದ್ದು, ಅದನ್ನು ತಂದೆ ಬೆಳಗ್ಗೆ ಕೆಲಸಕ್ಕೆ ಕೊಂಡೊಯ್ದರೆ ಸಂಜೆಯವರೆಗೆ ಪಾಠವಿಲ್ಲದ ಮಕ್ಕಳನ್ನು ನಾವು ನಮ್ಮ ಕೇರಿಗಳಲ್ಲಿಯೇ ಕಂಡೆವು. ಅಕ್ಕನಿಗೆ ಪಾಠವೋ ತಮ್ಮನಿಗೆ ಪಾಠವೋ ಎಂಬ ಪ್ರಶ್ನೆ ಬಂದ ಮನೆಗಳಲ್ಲಿ ಅಕ್ಕನೇ ಬಿಟ್ಟುಕೊಟ್ಟ ಸಂದರ್ಭಗಳೂ ಉಂಟು. ಆದುದರಿಂದ ಯಂತ್ರ ಹೆಚ್ಚು ಬೇಡುವ ಯೋಜನೆಗಿಂತ ಯಂತ್ರ ಕಡಿಮೆ ಬೇಡುವ ಯೋಜನೆಯೇ ನಮಗೆ ಮೇಲೆಂದು ನಾನು ಹೇಳುವೆನು. ದಿನಕ್ಕೊಂದು ಅಂಕಿಯನ್ನು ಕಳುಹಿಸಲು ಇಡೀ ಶಾಲೆಗೆ ಒಂದು ಮೊಬೈಲು ಸಾಕು.

ಹಾಗಾದರೆ ಒಳ್ಳೆಯ ಯೋಜನೆಯನ್ನು ಗುರುತಿಸುವುದು ಹೇಗೆ? ನನಗೆ ತೋಚುವ ಒರೆಗಲ್ಲು ಒಂದೇ. ದೂರದ ಗೆಳೆಯನಿಲ್ಲದೆ ಉತ್ತರ ಸಿಕ್ಕದಂಥ ಪ್ರಶ್ನೆ ಅದರಲ್ಲಿದೆಯೆ? ಇದ್ದರೆ ಅದು ಸಾರ್ಥಕ. ಇದಕ್ಕೆ ಬಹು ಹಳೆಯ ಉದಾಹರಣೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಎರಟೋಸ್ಥನೀಸನದು. ಈಜಿಪ್ಟಿನ ಸಯೀನ್ ನಗರದಲ್ಲಿ ವರ್ಷದ ಒಂದು ದಿನ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳು ಬೀಳುವುದಿಲ್ಲ. ಅದೇ ಹೊತ್ತಿಗೆ ಬಡಗಲ ಅಲೆಗ್ಸಾಂಡ್ರಿಯದಲ್ಲಿ ನೆರಳು ಬೀಳುತ್ತದೆ. ಇವೆರಡರಿಂದ ಆತ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಫ್ರಾನ್ಸಿನಲ್ಲಿ, ಭೌತಶಾಸ್ತ್ರಕ್ಕೆ ನೊಬೆಲ್ ಬಹುಮಾನ ಪಡೆದ ಜಾರ್ಜ್ ಶರ್ಪಾಕ್ ೧೯೯೬ರಲ್ಲಿ ಆರಂಭಿಸಿದ, ‘ಹಿಟ್ಟಿಗೆ ಕೈ’ ಎಂಬ ಅರ್ಥದ ಹೆಸರುಳ್ಳ ವಿಜ್ಞಾನ ಶಿಕ್ಷಣದ ಆಂದೋಲನದವರು ೨೦೦೦ದಿಂದ ಇದನ್ನು ಶಾಲೆಗಳ ಯೋಜನೆಯನ್ನಾಗಿ ಮಾಡಿದರು. ದೇಶದೇಶಗಳ ಮಕ್ಕಳು ಒಂದೇ ದಿನ ಕೋಲು ನೆಟ್ಟು ನೆರಳನ್ನು ಅಳೆದು ಪರಸ್ಪರ ಅಳತೆಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ.

ಇದು ನಮಗೆ ಫ್ರಾನ್ಸಿನವರಿಗಿಂತಲೂ ಸುಲಭ. ನಮ್ಮ ಪುಣ್ಯಕ್ಕೆ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ: ಏಪ್ರಿಲ್ ೨೪ರ ಸುಮಾರಿಗೆ ಒಮ್ಮೆ, ಆಗಸ್ಟ್ ೧೮ರ ಸುಮಾರಿಗೆ ಇನ್ನೊಮ್ಮೆ. ಅಂದು ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರದು. ದೆಹಲಿ ಬೆಂಗಳೂರಿಗೆ ಹೆಚ್ಚುಕಡಿಮೆ ನೇರವಾಗಿ ಉತ್ತರಕ್ಕಿದೆ. ನಡುವಣ ನೇರ ದೂರ ಸುಮಾರು ೧,೭೪೦ ಕಿಲೋಮೀಟರು. ಅದೇ ದಿನ ದೆಹಲಿಯ ಮಗು ಒಂದು ಮೀಟರಿನ ಕೋಲು ನೆಟ್ಟರೆ ಸುಮಾರು ೨೮ ಸೆಂಟಿಮೀಟರು ನೆರಳು ಸಿಕ್ಕುತ್ತದೆ. ಇದರಿಂದ ಸೂರ್ಯ ಅಲ್ಲಿ ನೆತ್ತಿಯಿಂದ ಹದಿನೈದು ಡಿಗ್ರಿ ಮತ್ತು ಮೂರನೆಯ ಎರಡರಷ್ಟು ಓರೆಯಾಗಿದ್ದಾನೆಂದು ತಿಳಿಯುತ್ತದೆ. ಇಡೀ ವೃತ್ತದ ೩೬೦ ಡಿಗ್ರಿಯಲ್ಲಿ ಇದು ಇಪ್ಪತ್ತಮೂರನೆಯ ಒಂದು ಪಾಲು. ೧,೭೪೦ನ್ನು ೨೩ರಿಂದ ಗುಣಿಸಿದರೆ ೪೦,೦೨೦. ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ ಸುಮಾರು ೪೦,೦೦೮ ಕಿಲೋಮೀಟರು! ಮಕ್ಕಳ ಅಳತೆ ಇಷ್ಟು ಹತ್ತಿರ ಬರಬೇಕಾಗಿಲ್ಲ. ನೂರಿನ್ನೂರು ಮೈಲಿ ಆಚೆಈಚೆಯಾದರೂ ಸಂತೋಷಪಡಬೇಕಾದುದೇ. ಬೆಂಗಳೂರಿನ ಮಗು ತನ್ನ ಅಂಗಳದಲ್ಲಿ ಜನ್ಮವಿಡೀ ಕೋಲು ನೆಟ್ಟರೂ, ದೆಹಲಿಯ ಆ ೨೮ ಸೆಂಟಿಮೀಟರು ತಿಳಿಯದೆ, ಈ ಉತ್ತರಕ್ಕೆ ತಲುಪಲಾರದು.

ಭೂಮಿಯ ಸುತ್ತಳತೆ ತಿಳಿದ ಮಾತ್ರಕ್ಕೆ ಭೂಮಿ ಉಳಿಯುವುದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ೧೯೯೧ರಲ್ಲಿಯೇ ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವನ್ನಾಗಿಸಬೇಕೆಂದು ಆಜ್ಞೆ ಮಾಡಿತು. ಆಜ್ಞೆಯ ಆಶಯ ಘನವಾದದ್ದು. ಅದು ತರಗತಿಗೆ ಇಳಿದು ಬರುವಷ್ಟರಲ್ಲಿ ‘ಮಾಲಿನ್ಯದ ಐದು ಕಾರಣಗಳನ್ನು ಬರೆಯಿರಿ’ ಎಂಬ ಐದು ಅಂಕದ ಪ್ರಶ್ನೆಯಾಗಿ ನಿಂತಿತು. ಐದು ಕಾರಣಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ತನ್ನ ಮನೆಯ ನಲ್ಲಿಯ ನೀರು ಎಲ್ಲಿಂದ ಬರುತ್ತದೆ ಎಂಬುದು ತಿಳಿಯದು.

ಆದರೂ ನಮ್ಮಲ್ಲಿ ಒಳ್ಳೆಯ ಕೆಲಸ ಇಲ್ಲದೆ ಇಲ್ಲ. ‘ಸೀಸನ್‌ವಾಚ್’ ಎಂಬುದು ೨೦೧೦ರಿಂದ ನಮ್ಮ ವಿಜ್ಞಾನಿಗಳು ನಡೆಸಿಕೊಂಡು ಬಂದ ಯೋಜನೆ. ಮಗು ಒಂದು ಮರವನ್ನು ತನ್ನದೆಂದು ಆರಿಸಿಕೊಂಡು, ವಾರಕ್ಕೊಮ್ಮೆ ನೋಡಿ, ಚಿಗುರು, ಹೂವು, ಕಾಯಿಗಳು ಇವೆಯೆ, ಕೊಂಚವೆ, ಬಹಳವೆ ಎಂದು ಬರೆದು ಕಳುಹಬೇಕು, ಇಷ್ಟೇ. ಕೇರಳದ ಶಾಲೆಗಳಿಂದ ಇಂಥ ಲೆಕ್ಕಗಳು ರಾಶಿರಾಶಿಯಾಗಿ ಬಂದಿವೆ. ವಿಷು ಹಬ್ಬಕ್ಕೆ ಅರಳಬೇಕಾದ ಕೊನ್ನೆ ಹೂವು, ಎಂದರೆ ನಮ್ಮ ಕಕ್ಕೆ, ಹಬ್ಬಕ್ಕೆ ಮೊದಲೇ ಅರಳಿ ಮುಗಿಯುತ್ತಿದೆಯೆ? ಯುಗಾದಿಗೆ ಹೊಂಗೆ ಚಿಗುರುವ ನಮ್ಮ ನಾಡಿನಲ್ಲಿ ಆ ಚಿಗುರಿನ ವಾರ ಹಿಂದುಮುಂದಾಗಿದೆಯೆ? ಅಜ್ಜಿಯಂದಿರು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುತ್ತಾರೆ. ಅಜ್ಜಿಯ ಮಾತು ದಿಟವೋ ಅಲ್ಲವೋ ಎಂದು ಹೇಳಲು ಇಪ್ಪತ್ತು ಮೂವತ್ತು ವರ್ಷಗಳ ಲೆಕ್ಕ ಬೇಕು, ನೂರಾರು ಊರುಗಳ ಲೆಕ್ಕ ಬೇಕು. ಯಾವ ವಿಜ್ಞಾನಿಯೂ ಒಬ್ಬನೇ ಅಷ್ಟು ಮರಗಳ ಕೆಳಗೆ ನಿಲ್ಲಲಾರ, ಮಕ್ಕಳು ನಿಲ್ಲಬಲ್ಲರು.

ನನ್ನ ಮನಸ್ಸಿನಲ್ಲಿ ಬಹುದಿನದಿಂದ ಕುಳಿತಿರುವ ಒಂದು ಆಸೆಯನ್ನೂ ಹೇಳಿಬಿಡುತ್ತೇನೆ. ಕಾವೇರಿಯ ಉದ್ದಕ್ಕೂ ಐದಾರು ಶಾಲೆಗಳು: ಭಾಗಮಂಡಲದಲ್ಲೊಂದು, ಶ್ರೀರಂಗಪಟ್ಟಣದಲ್ಲೊಂದು, ಬೆಂಗಳೂರಿನಲ್ಲೊಂದು, ತಮಿಳುನಾಡಿನ ಈರೋಡಿನಲ್ಲಿ, ತಂಜಾವೂರಿನಲ್ಲಿ ಒಂದೊಂದು. ಎಲ್ಲರ ಅಂಗಳದಲ್ಲಿಯೂ ಒಂದೇ ಅಳತೆಯ ಮಳೆಮಾಪಕ. ಭಾಗಮಂಡಲದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದುಂಟು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ತಂಜಾವೂರಿಗೆ ಮುಖ್ಯವಾದ ಮಳೆ ಬರುವುದು ಅಕ್ಟೋಬರಿನಿಂದ ಮೇಲೆ. ಅಲ್ಲಿಯ ಗದ್ದೆಗಳಿಗೆ ಅದಕ್ಕೆ ಮೊದಲು ಬೇಕಾದುದು ಹೊಳೆಯ ನೀರು. ಇವರಿಬ್ಬರ ನಡುವೆ, ಒಂದುನೂರು ಕಿಲೋಮೀಟರು ದೂರದಿಂದ ನೀರನ್ನು ಬೆಟ್ಟದೆತ್ತರಕ್ಕೆ ಎತ್ತಿ ತರಿಸಿ ಕುಡಿಯುವ ಬೆಂಗಳೂರಿನ ಮಗು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವರಲ್ಲಿ ಈ ಮಗುವೂ ಇತ್ತು. ವಾರಕ್ಕೊಮ್ಮೆ ಎಲ್ಲರ ಅಂಕಿಗಳೂ ಎಲ್ಲರ ಕರಿಹಲಗೆಯ ಮೇಲೆ ಬಂದರೆ ಸಾಕು. ಅಂಕಿಗಳಿಗೆ ಕನ್ನಡ ತಮಿಳು ಎಂಬ ಭೇದವಿಲ್ಲ. ಜಲವಿವಾದವನ್ನು ಮಕ್ಕಳು ತೀರಿಸಲಿ ಎಂಬ ಹುಚ್ಚು ನನಗಿಲ್ಲ. ಅದು ದೊಡ್ಡವರ ನ್ಯಾಯಮಂಡಳಿಗಳ ಕೆಲಸ. ಆದರೆ ‘ಅವರ ಮಳೆಗಾಲ ನಮ್ಮ ಮಳೆಗಾಲವಲ್ಲ’ ಎಂಬಷ್ಟನ್ನು ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ಕೈಯಾರೆ ಬರೆದು ತಿಳಿದ ಮಗು, ಮುಂದೆ ಬೀದಿಯಲ್ಲಿ ಬಸ್ಸಿಗೆ ಕಲ್ಲೆಸೆಯುವವರ ಗುಂಪಿನಲ್ಲಿ ನಿಲ್ಲುವುದು ಸ್ವಲ್ಪ ಕಷ್ಟವಾದೀತು.

ಇದಕ್ಕೆಲ್ಲ ಶಾಲೆಯವರು ಮನಸ್ಸು ಮಾಡಬೇಕು, ಉಪಾಧ್ಯಾಯರಿಗೆ ಪಠ್ಯಕ್ರಮದ ಓಟದಿಂದ ಬಿಡುವು ಸಿಕ್ಕಬೇಕು, ಅವರು ವರ್ಗವಾಗಿ ಹೋದರೆ ಬಂದವರು ಮುಂದುವರಿಸಬೇಕು. ಅಷ್ಟೆಲ್ಲ ಆಗುವವರೆಗೆ ಮನೆಯಲ್ಲಿ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದೆಹಲಿಯಲ್ಲಿಯೋ ಅದರ ಸುತ್ತಮುತ್ತಲೋ ಒಬ್ಬ ಸೋದರಮಾವನಾದರೂ ಇಲ್ಲದ ಬೆಂಗಳೂರಿನ ಕುಟುಂಬ ಈಗ ಅಪರೂಪ. ಬರುವ ಏಪ್ರಿಲ್ ೨೪ರಂದು ಮಕ್ಕಳಿಗೆ ಬೇಸಗೆಯ ರಜೆ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡು ಗಂಟೆ ಹದಿನೆಂಟು ನಿಮಿಷದ ಸುಮಾರಿಗೆ. ದೆಹಲಿಯಲ್ಲಿಯೂ ಒಂದೆರಡು ನಿಮಿಷ ಆಚೆಗೆ. ಮಾವನ ಮಗಳಿಗೆ ಮೊದಲೇ ಒಂದು ಮಾತು ತಿಳಿಸಿ, ಆ ಹೊತ್ತಿಗೆ ಎರಡು ಊರಿನ ಮಾಳಿಗೆಗಳ ಮೇಲೂ ಒಂದೊಂದು ಮೀಟರಿನ ಕೋಲು ನಿಲ್ಲುವಂತೆ ಏರ್ಪಾಡು ಮಾಡಿರಿ. ಹನ್ನೆರಡು ಗಂಟೆಯಿಂದಲೇ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಹೋದರೆ, ಯಾವ ಗುರುತು ಕೋಲಿಗೆ ಎಲ್ಲಕ್ಕಿಂತ ಹತ್ತಿರವಿದೆಯೋ ಅದೇ ನಡುಹಗಲು. ಕೋಲು ನೆಟ್ಟಗೆ ನಿಂತಿದೆಯೆ ಎಂದು ನೋಡುವುದಕ್ಕೆ ದಾರದ ತುದಿಗೊಂದು ಕಲ್ಲು ಕಟ್ಟಿ ಪಕ್ಕದಲ್ಲಿ ತೂಗಬಿಟ್ಟರೆ ಆಯಿತು. ಬಿಸಿಲು ಜೋರಾಗಿರುತ್ತದೆ; ತಲೆಗೊಂದು ಟವೆಲು ಇರಲಿ, ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು.